12 ವರ್ಷದ ಮೈಗ್ರೇನ್ ಮತ್ತು ದಿನವೂ ಸೊಪ್ಪು: ಒಂದು ಪ್ರಕರಣವನ್ನು ಪೂರ್ತಿ ಓದೋಣ

2021ರ ನವೆಂಬರ್‌ನಲ್ಲಿ ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಒಬ್ಬ ಮೈಗ್ರೇನ್ ರೋಗಿಯ ವರದಿ ಬಂತು. ಬರೆದವರು ಬ್ರಿಟನಿ ಪರ್ಜಿಯಾ, ಜೋಶುವಾ ಡುನೈಫ್ ಮತ್ತು ಡೇವಿಡ್ ಡುನೈಫ್. ವರದಿ ಚಿಕ್ಕದು. ಆದರೆ ಅದು ಹೊರಬಿದ್ದ ತಕ್ಷಣ ಬೇರೆ ಬೇರೆ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಸೊಪ್ಪು ತಿಂದ, ಮೈಗ್ರೇನ್ ಹೋಯಿತು ಅನ್ನುವ ಧಾಟಿಯಲ್ಲಿ. ಹಾಗೆ ಓದಿದರೆ ಆ ರೋಗಿಗೂ ಅನ್ಯಾಯ, ಇವತ್ತು ಮೈಗ್ರೇನ್‌ನಿಂದ ಒದ್ದಾಡುತ್ತಿರುವವರಿಗೂ ಅನ್ಯಾಯ. ಆ ಪ್ರಕರಣದಲ್ಲಿ ಕಲಿಯುವಂಥದ್ದು ನಿಜಕ್ಕೂ ಇದೆ. ನನಗೆ ಮುಖ್ಯವಾಗಿ ಕಂಡದ್ದು ಇಷ್ಟು: ಅವರು ಮೊದಲು ಒಂದೊಂದೇ ತಿನಿಸು ಬಿಡುತ್ತಾ ಹೋದರು, ಏನೂ ಆಗಲಿಲ್ಲ. ಊಟದ ಇಡೀ ರೀತಿಯೇ ಬದಲಾದಾಗ ಗುಣ ಕಂಡಿತು. ನಮ್ಮಲ್ಲಿ ಮೈಗ್ರೇನ್ ಅಂದ ಕೂಡಲೇ ಕೈಗೆ ಸಿಗುವುದು ತಿನ್ನಬಾರದ ಪದಾರ್ಥಗಳ ಒಂದು ಉದ್ದ ಪಟ್ಟಿ ಅಲ್ವಾ, ಅದಕ್ಕೇ ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ.

ರೋಗಿ ಹೇಗಿದ್ದರು

60 ವರ್ಷದ ಗಂಡಸು. 12 ವರ್ಷಕ್ಕಿಂತ ಜಾಸ್ತಿ ಕಾಲದಿಂದ ಮೈಗ್ರೇನ್. ನೋವು ಎಡಗಡೆ ಹಣೆ ಮತ್ತು ಕಣತಲೆಯಲ್ಲಿ ಇದ್ದಕ್ಕಿದ್ದಂತೆ ಶುರುವಾಗುತ್ತಿತ್ತು, ಪಟಪಟ ಬಡಿದುಕೊಳ್ಳುವ ಥರದ ನೋವು. ಒಮ್ಮೆ ಬಂದರೆ 72 ಗಂಟೆಯವರೆಗೂ ಎಳೆಯುತ್ತಿತ್ತು. ಬೆಳಕು ಆಗದು, ಸದ್ದು ಆಗದು, ಹೊಟ್ಟೆ ತೊಳಸುವುದು, ವಾಂತಿ. ಸೊನ್ನೆಯಿಂದ 10ರವರೆಗಿನ ಅಳತೆಯಲ್ಲಿ ನೋವು ಎಷ್ಟು ಅಂತ ಕೇಳಿದಾಗ ಅವರು ಕೊಟ್ಟ ಉತ್ತರ 10ರಿಂದ 12. ಅಳತೆ 10ಕ್ಕೇ ಮುಗಿಯುತ್ತದೆ. ಕತ್ತಲೆ ಕೋಣೆಯಲ್ಲಿ ತಲೆಗೆ ಟವೆಲ್ ಬಿಗಿದು ಕಟ್ಟಿಕೊಂಡು ಮಲಗಿದವರನ್ನು ಮನೆಯಲ್ಲಿ ನೋಡಿದವರಿಗೆ ಆ ಹನ್ನೆರಡು ಅನ್ನುವ ಉತ್ತರ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ಈ ವೈದ್ಯರ ಹತ್ತಿರ ಬರುವ ಆರು ತಿಂಗಳ ಮೊದಲು ಅವರ ಸ್ಥಿತಿ ಇನ್ನೂ ಕೆಟ್ಟಿತ್ತು. ತಿಂಗಳಲ್ಲಿ 18ರಿಂದ 24 ದಿನ ತಲೆನೋವು. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ ಇದ್ದು, ಅದು ಮೂರು ತಿಂಗಳು ಮೀರಿ ನಡೆದರೆ ವೈದ್ಯರು ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ಈ ರೋಗಿ ಆ ಗೆರೆಯನ್ನು ಎಂದೋ ದಾಟಿದ್ದರು. ಹೆಚ್ಚಿನ ದಿನಗಳಲ್ಲಿ ತಾನು ಒಂದೋ ಮೈಗ್ರೇನ್‌ನಲ್ಲಿ ಇರುತ್ತಿದ್ದೆ, ಇಲ್ಲವೇ ಹಿಂದಿನದರಿಂದ ಚೇತರಿಸಿಕೊಳ್ಳುತ್ತಿದ್ದೆ ಎಂಬ ಅರ್ಥದಲ್ಲಿ ಅವರೇ ತಮ್ಮ ಮಾತನ್ನು ವರದಿಯಲ್ಲಿ ಸೇರಿಸಿದ್ದಾರೆ. ಅಂದರೆ ನೋವಿಲ್ಲದ ದಿನವೂ ಅವರ ಪಾಲಿಗೆ ಪೂರ್ತಿ ದಿನವಾಗಿರಲಿಲ್ಲ.

ಅವರು ಕೈಕಟ್ಟಿ ಕೂತವರೂ ಅಲ್ಲ. ನೋವು ಬಂದಾಗ ತಡೆಯಲು ಜೋಲ್ಮಿಟ್ರಿಪ್ಟಾನ್, ಬರದಂತೆ ನೋಡಿಕೊಳ್ಳಲು ಟೊಪಿರಾಮೇಟ್, ಎರಡನ್ನೂ ತೆಗೆದುಕೊಂಡಿದ್ದರು. ಯೋಗ, ಧ್ಯಾನ ಮಾಡಿದ್ದರು. ಊಟದಲ್ಲಿ ಚಾಕೊಲೇಟ್, ಚೀಸ್, ಗೋಡಂಬಿ ಬಾದಾಮಿ ಥರದ ಬೀಜಗಳು, ಕೆಫೀನ್, ಒಣಹಣ್ಣು, ಇಷ್ಟನ್ನೂ ಬಿಟ್ಟಿದ್ದರು. ಯಾವುದೂ ಹಿಡಿಯಲಿಲ್ಲ.

ಬಿಡುವ ಪಟ್ಟಿ ಯಾಕೆ ಕೈಕೊಡುತ್ತದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಚಾಕೊಲೇಟ್, ಚೀಸ್ ಬಿಡಿ ಅನ್ನುವುದು ಮೈಗ್ರೇನ್‌ನಲ್ಲಿ ಎಲ್ಲರೂ ಕೊಡುವ ಮೊದಲ ಸಲಹೆ. ಆದರೆ ಚಾಕೊಲೇಟ್ ವಿಷಯವನ್ನು ನೇರವಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಪದೇ ಪದೇ ತಲೆನೋವು ಬರುವ 63 ಹೆಂಗಸರಿಗೆ ಕೆಲವು ಸಲ ಚಾಕೊಲೇಟ್, ಕೆಲವು ಸಲ ಅದೇ ರುಚಿ ಬರುವಂತೆ ಕ್ಯಾರಬ್ ಎಂಬ ಮರದ ಕಾಯಿಯಿಂದ ಮಾಡಿದ ತಿನಿಸು ಕೊಟ್ಟರು. ಯಾವುದು ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ. ಚಾಕೊಲೇಟ್ ತಿಂದಾಗ ತಲೆನೋವು ಜಾಸ್ತಿ ಬರಲಿಲ್ಲ.

ಹಾಗಾದರೆ ಇಷ್ಟೊಂದು ಜನ ಚಾಕೊಲೇಟ್ ತಿಂದ ಮೇಲೇ ಬಂತು ಅನ್ನುವುದು ಸುಳ್ಳಾ? ಸುಳ್ಳಲ್ಲ. ಮೈಗ್ರೇನ್ ಶುರುವಾಗುವುದು ತಲೆ ನೋಯುವಾಗ ಅಲ್ಲ. ಅದಕ್ಕೆ ಗಂಟೆಗಳ ಮೊದಲೇ, ಕೆಲವರಲ್ಲಿ ಒಂದೆರಡು ದಿನ ಮೊದಲೇ, ಮೆದುಳಿನ ಒಳಗೆ ಅದು ಶುರುವಾಗಿರುತ್ತದೆ. ಆಗ ಆಕಳಿಕೆ ಬರುತ್ತದೆ, ಕುತ್ತಿಗೆ ಹಿಡಿದಂತಾಗುತ್ತದೆ, ಸುಮ್ನೆ ಸಿಡಿಮಿಡಿ, ಪದೇ ಪದೇ ಮೂತ್ರ, ಸಿಹಿ ತಿನ್ನಬೇಕು ಅನ್ನುವ ವಿಪರೀತ ಆಸೆ. ಈ ಹಂತದಲ್ಲಿ ಹೈಪೋಥಲಾಮಸ್ ಚುರುಕಾಗಿರುವುದನ್ನು ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿದ್ದಾರೆ. ಹಸಿವು, ಬಾಯಾರಿಕೆ, ನಿದ್ದೆ ಎಲ್ಲವನ್ನೂ ನೋಡಿಕೊಳ್ಳುವ ಜಾಗ ಅದು. ಅಂದರೆ ಎಷ್ಟೋ ಸಲ ಚಾಕೊಲೇಟ್ ತಿಂದಿದ್ದಕ್ಕೆ ಮೈಗ್ರೇನ್ ಬಂದಿರುವುದಿಲ್ಲ, ಮೈಗ್ರೇನ್ ಬರುತ್ತಿದ್ದುದಕ್ಕೇ ಚಾಕೊಲೇಟ್ ತಿನ್ನಬೇಕು ಅನ್ನಿಸಿರುತ್ತದೆ. ತಿಂದವರು ತಮ್ಮ ಬಾಯಿಚಪಲವನ್ನೇ ಬೈದುಕೊಂಡು ವರ್ಷಗಟ್ಟಲೆ ತಪ್ಪಿತಸ್ಥರ ಹಾಗೆ ಬದುಕುತ್ತಾರೆ. ಇದು ನನಗೆ ತುಂಬಾ ಸಂಕಟದ ವಿಷಯ. ಅದರಲ್ಲೂ ಮೈಗ್ರೇನ್ ಜಾಸ್ತಿ ಹೆಂಗಸರಿಗೇ ಬರುವುದರಿಂದ, ‘ನಿನ್ನ ನಾಲಿಗೆ ಕಟ್ಟಿಕೋ’ ಅನ್ನುವ ಮಾತು ಮನೆಯಲ್ಲಿ ಯಾರ ಮೇಲೆ ಬೀಳುತ್ತದೆ ಅಂತ ಯೋಚಿಸಿ.

ಕೆಲವರಿಗೆ ಮದ್ಯ, ಅದರಲ್ಲೂ ವೈನ್, ನಿಜವಾಗಿಯೂ ಆಗುವುದಿಲ್ಲ. ಕೆಲವರಿಗೆ ಯಾವುದೋ ಒಂದು ತಿನಿಸು ಪ್ರತಿ ಸಲವೂ ತಪ್ಪದೆ ತೊಂದರೆ ಕೊಡುತ್ತದೆ. ಅಂಥವರು ಅದನ್ನು ಬಿಡಲಿ, ತಪ್ಪಿಲ್ಲ. ನಾನು ಹೇಳುತ್ತಿರುವುದು ಎಲ್ಲರಿಗೂ ಒಂದೇ ಪಟ್ಟಿ ಹಂಚುವುದರ ಬಗ್ಗೆ.

ಅವರಿಗೆ ಕೊಟ್ಟ ಊಟ

ವೈದ್ಯರು ಈ ರೋಗಿಗೆ ‘ಲೈಫ್’ ಎಂಬ ಊಟದ ಕ್ರಮ ಹೇಳಿದರು. ಲೋ ಇನ್‌ಫ್ಲಮೇಟರಿ ಫುಡ್ಸ್ ಎವ್ರಿಡೇ ಅನ್ನುವುದು ಅದರ ಪೂರ್ತಿ ಹೆಸರು, ಅಂದರೆ ದೇಹದಲ್ಲಿ ಉರಿಯೂತ ಹೆಚ್ಚಿಸದ ಆಹಾರ ಪ್ರತಿದಿನ. ಅದರ ಜೀವಾಳ ಕಡು ಹಸಿರು ಸೊಪ್ಪು. ದಿನಕ್ಕೆ ಕನಿಷ್ಠ 5 ಔನ್ಸ್, ಅಂದರೆ ಸುಮಾರು 140 ಗ್ರಾಂ, ಹಸಿಯಾಗಿಯೋ ಬೇಯಿಸಿಯೋ ತಿನ್ನಬೇಕು. ಅದರ ಜೊತೆಗೆ 32 ಔನ್ಸ್‌ನ ಒಂದು ಹಸಿರು ಸ್ಮೂದಿ, ಅದು ಹತ್ತಿರ ಹತ್ತಿರ ಒಂದು ಲೀಟರ್. ಇಡೀ ಧಾನ್ಯ, ಆಲೂಗಡ್ಡೆಯಂಥ ಪಿಷ್ಟದ ತರಕಾರಿ, ಎಣ್ಣೆ, ಪ್ರಾಣಿಜನ್ಯ ಪ್ರೋಟೀನು, ಅದರಲ್ಲೂ ಹಾಲಿನ ಪದಾರ್ಥ ಮತ್ತು ಕೆಂಪು ಮಾಂಸ, ಇವೆಲ್ಲ ಮಿತಿಯಲ್ಲಿ.

ಒಂದು ಸಣ್ಣ ವಿವರ ನನ್ನ ಗಮನ ಸೆಳೆಯಿತು. ಈ ಮನುಷ್ಯ ಮೊದಲೇ ದಿನವೂ ಗೆಣಸು ತಿನ್ನುತ್ತಿದ್ದರು. ಅದಕ್ಕೇ ಇರಬೇಕು, ಬಂದಾಗ ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಮಟ್ಟ ಸರಿಯಾಗಿಯೇ ಇತ್ತು; ಗೆಣಸು, ಸೊಪ್ಪುಗಳಿಂದ ಬರುವ ಪೋಷಕಾಂಶ ಅದು. ಕೊರತೆ ಇರಲಿಲ್ಲ. ಹೊಸ ಊಟ ಶುರುವಾದ ಮೇಲೆ ಅದು ಸಾಕಷ್ಟು ಮೇಲೇರಿತು. ಅಂದರೆ ರೋಗಿ ಹೇಳಿದ ಮಾತನ್ನು ಮಾತ್ರ ನಂಬಿ ಬರೆದದ್ದಲ್ಲ, ಅವರು ನಿಜವಾಗಿಯೂ ಸೊಪ್ಪು ತಿಂದಿದ್ದಾರೆ ಅನ್ನುವುದಕ್ಕೆ ರಕ್ತದಲ್ಲೇ ಗುರುತು ಸಿಕ್ಕಿತು. ಊಟದ ಬಗ್ಗೆ ಬರುವ ವರದಿಗಳಲ್ಲಿ ಇದು ಅಪರೂಪ. ಜನ ತಿಂದೆ ಅನ್ನುವುದಕ್ಕೂ ತಿಂದದ್ದಕ್ಕೂ ಎಷ್ಟು ಅಂತರ ಇರುತ್ತದೆ ಅಂತ ನಮಗೆಲ್ಲ ಗೊತ್ತೇ ಇದೆ.

ಎರಡು ತಿಂಗಳಲ್ಲಿ ತಲೆನೋವಿನ ದಿನಗಳು ತಿಂಗಳಿಗೆ ಒಂದಕ್ಕೆ ಇಳಿದವು. ಬಂದ ಆ ಒಂದೂ ಮೊದಲಿನಷ್ಟು ಹೊತ್ತು ಇರಲಿಲ್ಲ, ಅಷ್ಟು ಜೋರಾಗಿಯೂ ಇರಲಿಲ್ಲ. ಮೈಗ್ರೇನ್ ಮಾತ್ರೆಗಳು ನಿಂತವು. ಮೂರು ತಿಂಗಳಾದ ಮೇಲೆ ಮೈಗ್ರೇನ್ ಪೂರ್ತಿ ನಿಂತುಹೋಯಿತು. ವರದಿ ಬರೆಯುವ ಹೊತ್ತಿಗೆ ಏಳೂವರೆ ವರ್ಷ ಕಳೆದಿತ್ತು, ಮತ್ತೆ ಬಂದಿರಲಿಲ್ಲ.

ಒಳಗೆ ಏನಾಗಿರಬಹುದು

ಬರೆದವರು ಕೊಡುವ ವಿವರಣೆ ಹೀಗಿದೆ: ಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್ ಥರದ ಕ್ಯಾರೋಟಿನಾಯ್ಡ್‌ಗಳು ಮತ್ತು ಇತರ ಪೋಷಕಾಂಶಗಳು ಮೈಗ್ರೇನ್‌ಗೆ ಸಂಬಂಧಪಟ್ಟ ಉರಿಯೂತವನ್ನೂ, ಜೀವಕೋಶಗಳ ಆಕ್ಸಿಡೇಟಿವ್ ಒತ್ತಡವನ್ನೂ ತಗ್ಗಿಸಿರಬಹುದು. ಆಗಬಹುದಾದ ಮಾತೇ. ಆದರೆ ನನಗೆ ಇದನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ ಮೆದುಳಿನ ಶಕ್ತಿಯ ಕಡೆಯಿಂದ ನೋಡುವುದು ಸರಿ ಅನ್ನಿಸುತ್ತದೆ.

ಮೆದುಳಿನ ತೂಕ ದೇಹದ ನೂರಕ್ಕೆ ಎರಡರಷ್ಟು. ಅದು ಖರ್ಚು ಮಾಡುವ ಶಕ್ತಿ ನೂರಕ್ಕೆ ಇಪ್ಪತ್ತರಷ್ಟು. ಕೂಡಿಟ್ಟುಕೊಳ್ಳುವ ಉಗ್ರಾಣ ಅದಕ್ಕೆ ಹೆಚ್ಚೇನೂ ಇಲ್ಲ, ಗಂಟೆ ಗಂಟೆಗೂ ಬರುತ್ತಿರಬೇಕು. ಮೈಗ್ರೇನ್ ಇರುವವರ ಮೆದುಳನ್ನು ನೋವಿಲ್ಲದ ಸಮಯದಲ್ಲೇ ಫಾಸ್ಫರಸ್ ಸ್ಪೆಕ್ಟ್ರೋಸ್ಕೋಪಿ ಎಂಬ ವಿಧಾನದಿಂದ ನೋಡಿದಾಗ, ಅಲ್ಲಿ ಶಕ್ತಿಯ ಮೀಸಲು ಬೇರೆಯವರಿಗಿಂತ ಕಡಿಮೆ ಇರುವುದು 1980ರ ದಶಕದ ಕೊನೆಯಿಂದಲೇ ಹಲವು ಅಧ್ಯಯನಗಳಲ್ಲಿ ಕಂಡಿದೆ. ಜೀವಕೋಶದಲ್ಲಿ ಶಕ್ತಿ ತಯಾರಾಗುವ ಜಾಗ ಮೈಟೊಕಾಂಡ್ರಿಯಾ. ಅದು ಹುಟ್ಟಿನಿಂದಲೇ ಕೆಟ್ಟಿರುವ ಮೆಲಾಸ್‌ನಂಥ ಕಾಯಿಲೆಗಳಲ್ಲಿ ಮೈಗ್ರೇನ್ ಥರದ ತಲೆನೋವು ತುಂಬಾ ಸಾಮಾನ್ಯ.

ಮೈಗ್ರೇನ್ ತರುವ ಕಾರಣಗಳು ಅಂತ ಜನ ಹೇಳುವುದನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಊಟ ತಪ್ಪಿಸಿದ್ದು, ನಿದ್ದೆಗೆಟ್ಟದ್ದು, ಬಿಸಿಲಲ್ಲಿ ಓಡಾಡಿದ್ದು, ವಿಪರೀತ ದಣಿದದ್ದು, ಮನಸ್ಸಿಗೆ ಒತ್ತಡ ಆದದ್ದು, ಮುಟ್ಟಿನ ದಿನ ಹತ್ತಿರ ಬಂದದ್ದು. ಎಲ್ಲ ಬೇರೆ ಬೇರೆ ಅನ್ನಿಸುತ್ತವೆ, ಆದರೆ ಇವುಗಳಲ್ಲಿ ಬಹುಪಾಲು ಒಂದೋ ಮೆದುಳಿಗೆ ಬರುವ ಶಕ್ತಿಯನ್ನು ಕಡಿಮೆ ಮಾಡುತ್ತವೆ, ಇಲ್ಲವೇ ಅದರ ಖರ್ಚನ್ನು ಏರಿಸುತ್ತವೆ. ಬೇಡಿಕೆಗೂ ಪೂರೈಕೆಗೂ ತಾಳೆ ತಪ್ಪಿದಾಗ ಮೈಗ್ರೇನ್ ಹತ್ತಿಕೊಳ್ಳುತ್ತದೆ ಅನ್ನುವುದು ಈಗ ಗಂಭೀರವಾಗಿ ಚರ್ಚೆಯಲ್ಲಿರುವ ವಾದ. 2019ರಲ್ಲಿ ಎಲೆನಾ ಗ್ರಾಸ್ ಮತ್ತು ಸಂಗಡಿಗರು ಇದನ್ನೆಲ್ಲ ಒಟ್ಟು ಮಾಡಿ ಒಂದು ದೊಡ್ಡ ಲೇಖನವನ್ನೇ ಬರೆದರು.

ಹೊಟ್ಟೆ ಖಾಲಿ ಬಿಡುವುದನ್ನು ಪರೀಕ್ಷೆ ಮಾಡಿದ್ದು ಅದಕ್ಕೂ ಎಷ್ಟೋ ಮೊದಲು. 1966ರಲ್ಲಿ ಬ್ಲೌ ಮತ್ತು ಕಮಿಂಗ್ಸ್ ಎಂಬ ಬ್ರಿಟಿಷ್ ವೈದ್ಯರು, ಉಪವಾಸ ಇದ್ದರೆ ತಲೆನೋವು ಬರುತ್ತದೆ ಎನ್ನುತ್ತಿದ್ದ 12 ಮೈಗ್ರೇನ್ ರೋಗಿಗಳನ್ನು 19 ಗಂಟೆ ಊಟವಿಲ್ಲದೆ ಇರಿಸಿದರು. ಆರು ಜನಕ್ಕೆ ಮೈಗ್ರೇನ್ ಬಂತು. ಅರ್ಧಕ್ಕರ್ಧ.

ಔಷಧದ ಕಡೆಯಿಂದಲೂ ಇದಕ್ಕೆ ಪುಷ್ಟಿ ಇದೆ. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಮೈಟೊಕಾಂಡ್ರಿಯಾದ ಕೆಲಸಕ್ಕೆ ಬೇಕೇ ಬೇಕು. ಬೆಲ್ಜಿಯಂನ ಜೀನ್ ಶೋನೆನ್ ತಂಡ 1998ರಲ್ಲಿ 55 ರೋಗಿಗಳ ಮೇಲೆ ಪ್ರಯೋಗ ಮಾಡಿ, ದಿನಕ್ಕೆ 400 ಮಿಲಿಗ್ರಾಂ ಬಿ2 ಮೂರು ತಿಂಗಳು ಕೊಟ್ಟರು. ಬಿ2 ತೆಗೆದುಕೊಂಡವರಲ್ಲಿ ನೂರಕ್ಕೆ 59 ಜನಕ್ಕೆ ತಲೆನೋವು ಅರ್ಧಕ್ಕಾದರೂ ಇಳಿಯಿತು. ಔಷಧವೇ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಇದು ನೂರಕ್ಕೆ 15. ಮೆಗ್ನೀಸಿಯಂದೂ ಅಂಥದ್ದೇ ಕಥೆ: 1996ರ ಜರ್ಮನಿಯ ಪ್ರಯೋಗದಲ್ಲಿ 81 ಜನ, ದಿನಕ್ಕೆ 600 ಮಿಲಿಗ್ರಾಂ. ಮೂರನೇ ತಿಂಗಳ ಹೊತ್ತಿಗೆ ಅದನ್ನು ತೆಗೆದುಕೊಂಡವರಲ್ಲಿ ದಾಳಿಗಳು ಸುಮಾರು ನೂರಕ್ಕೆ 42ರಷ್ಟು ಕಡಿಮೆಯಾದವು, ಸುಳ್ಳು ಮಾತ್ರೆಯವರಲ್ಲಿ ನೂರಕ್ಕೆ 16ರಷ್ಟು. ಈ ಎರಡರಲ್ಲೂ ಫಲ ಗೊತ್ತಾಗಲು ಎರಡು ಮೂರು ತಿಂಗಳು ಬೇಕಾಯಿತು ಅನ್ನುವುದನ್ನು ಗಮನಿಸಿ. ನಮ್ಮ ರೋಗಿಗೂ ಹೆಚ್ಚುಕಮ್ಮಿ ಅಷ್ಟೇ ಸಮಯ ಹಿಡಿಯಿತು.

ಇನ್ನು ಸೊಪ್ಪಿನ ವಿಷಯ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೊಫಿಲ್ ಅಣುವಿನ ನಟ್ಟನಡುವೆ ಇರುವುದೇ ಮೆಗ್ನೀಸಿಯಂ. ಸೊಪ್ಪಿನಲ್ಲಿ ಫೋಲೇಟ್ ಇದೆ, ಸ್ವಲ್ಪ ಬಿ2 ಕೂಡ ಇದೆ. ಆದರೆ 400 ಮಿಲಿಗ್ರಾಂ ಬಿ2 ಯಾವ ಊಟದಿಂದಲೂ ಬರುವುದಿಲ್ಲ, ದೇಹಕ್ಕೆ ದಿನಕ್ಕೆ ಬೇಕಾಗುವುದೇ ಒಂದು ಒಂದೂವರೆ ಮಿಲಿಗ್ರಾಂ. ಹಾಗಾಗಿ ಈ ಮನುಷ್ಯನಿಗೆ ಒಂದೇ ಒಂದು ವಿಟಮಿನ್ ಕೆಲಸ ಮಾಡಿತು ಅನ್ನಲು ಬರುವುದಿಲ್ಲ. ಇಡೀ ತಟ್ಟೆ ಬದಲಾಗಿತ್ತು. ಸೊಪ್ಪು ಸೇರಿತ್ತು, ಎಣ್ಣೆ ಇಳಿದಿತ್ತು, ಪಿಷ್ಟ ಇಳಿದಿತ್ತು, ಹಾಲು ಮಾಂಸ ಇಳಿದಿತ್ತು, ದಿನಕ್ಕೆ ಒಂದು ಲೀಟರಿನಷ್ಟು ದ್ರವ ಹೆಚ್ಚಿಗೆ ಹೊಟ್ಟೆಗೆ ಹೋಗುತ್ತಿತ್ತು.

ಎಣ್ಣೆಯ ಬಗ್ಗೆ ಮಾತ್ರ ಬೇರೆ ಕಡೆ ಒಳ್ಳೆಯ ಪ್ರಯೋಗ ಆಗಿದೆ. ಅದೇ 2021ರಲ್ಲಿ ಅಮೆರಿಕದ ರಾಮ್ಸ್‌ಡೆನ್ ಮತ್ತು ಸಂಗಡಿಗರು 182 ಮೈಗ್ರೇನ್ ರೋಗಿಗಳನ್ನು ಮೂರು ಗುಂಪು ಮಾಡಿ 16 ವಾರ ಬೇರೆ ಬೇರೆ ಊಟ ಕೊಟ್ಟರು. ಮೀನಿನಿಂದ ಬರುವ ಒಮೆಗಾ-3 ಎಂಬ ಕೊಬ್ಬು ಹೆಚ್ಚಿಸಿ, ಅಡುಗೆ ಎಣ್ಣೆಗಳಲ್ಲಿರುವ ಲಿನೊಲಿಯಿಕ್ ಆಮ್ಲ ಕಡಿಮೆ ಮಾಡಿದ ಗುಂಪಿನಲ್ಲಿ, ಮಾಮೂಲಿ ಅಮೆರಿಕನ್ ಊಟದವರಿಗಿಂತ ತಿಂಗಳಿಗೆ ಸುಮಾರು ನಾಲ್ಕು ತಲೆನೋವಿನ ದಿನ ಕಡಿಮೆಯಾಯಿತು. ಇದು ಒಬ್ಬರ ಕಥೆಯಲ್ಲ, ಹೋಲಿಕೆ ಇಟ್ಟುಕೊಂಡು ಮಾಡಿದ ಪ್ರಯೋಗ, ಹಾಗಾಗಿ ಇದರ ತೂಕ ಜಾಸ್ತಿ.

ಇನ್ನೊಂದು ತುದಿಯಲ್ಲಿ ಕೀಟೋ ಊಟ ಇದೆ. ಅದರಲ್ಲಿ ಕೊಬ್ಬೇ ಪ್ರಧಾನ, ಈ ರೋಗಿಯ ಊಟಕ್ಕೆ ಪೂರ್ತಿ ಉಲ್ಟಾ. ಆದರೆ ಅದರಿಂದಲೂ ಕೆಲವರಿಗೆ ಮೈಗ್ರೇನ್ ಇಳಿದದ್ದನ್ನು ಇಟಲಿಯ ಡಿ ಲೊರೆಂಜೊ ತಂಡ ತೂಕ ಜಾಸ್ತಿ ಇದ್ದ ಹೆಂಗಸರಲ್ಲಿ ತೋರಿಸಿದೆ. ಹಸಿವಿನಲ್ಲಿ ದೇಹ ತಯಾರಿಸುವ ಕೀಟೋನುಗಳು ಮೆದುಳಿಗೆ ಇನ್ನೊಂದು ಇಂಧನ ಅನ್ನುವುದು ಅದರ ಹಿಂದಿನ ಯೋಚನೆ. ಸರಿ, ಹಾಗಾದರೆ ಕೀಟೋನನ್ನೇ ಪುಡಿಯಾಗಿ ಕೊಡೋಣ ಅಂತ ಗ್ರಾಸ್ ಅವರ ತಂಡ ಪ್ರಯೋಗ ಮಾಡಿದಾಗ ಅದು ಸುಳ್ಳು ಔಷಧಕ್ಕಿಂತ ಮೇಲೆನಿಸಲಿಲ್ಲ. ತಾವೇ ನಂಬಿದ್ದ ವಾದದ ವಿರುದ್ಧ ಬಂದ ಫಲಿತಾಂಶವನ್ನು ಅವರು ಪ್ರಕಟಿಸಿದರು, ಅದಕ್ಕೆ ಅವರ ಬಗ್ಗೆ ಗೌರವ ಬರುತ್ತದೆ. ಒಂದೇ ಅಂಶವನ್ನು ಊಟದಿಂದ ಕಿತ್ತು ಡಬ್ಬಿಗೆ ತುಂಬಿದರೆ ಸಾಲದು ಅನ್ನುವುದಕ್ಕೆ ನನಗಂತೂ ಇದು ಬಲವಾದ ಸೂಚನೆ.

ಅನುಮಾನ ಪಡಬೇಕಾದ ಜಾಗಗಳು

ಈ ವರದಿಯನ್ನು ಹಂಚಿಕೊಳ್ಳುವವರು ಬಿಟ್ಟುಬಿಡುವ ಭಾಗ ಇದು. ರೋಗಿಗೆ ಎಚ್‌ಐವಿ ಇತ್ತು. ಎಚ್‌ಐವಿಗೂ ಮೈಗ್ರೇನ್‌ಗೂ ನಂಟಿದೆ, ಹಾಗಾಗಿ ಅದು ಅಥವಾ ಅದರ ಔಷಧಗಳು ಅವರ ತಲೆನೋವಿನಲ್ಲಿ ಪಾಲು ಹೊಂದಿದ್ದವೇ ಅನ್ನುವುದನ್ನು ಬೇರ್ಪಡಿಸಿ ಹೇಳಲು ಆಗುವುದಿಲ್ಲ. ಬರೆದವರೇ ಇದನ್ನು ಒಪ್ಪಿಕೊಂಡಿದ್ದಾರೆ. ಅವರಿಗೆ ಅಲರ್ಜಿಯೂ ಇತ್ತು. ಊಟ ಬದಲಾದ ಮೇಲೆ ಅಲರ್ಜಿ ಸೀಸನ್‌ನಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆಯೂ ಬೇಡವಾಯಿತು. ಅಲರ್ಜಿ ಹತೋಟಿಗೆ ಬಂದರೆ ಮೈಗ್ರೇನ್ ಕೂಡ ತಗ್ಗಬಹುದು ಅನ್ನುವ ಅಧ್ಯಯನಗಳಿವೆ. ಹಾಗಾದರೆ ಮೈಗ್ರೇನ್ ನೇರವಾಗಿ ಇಳಿಯಿತೋ, ಅಲರ್ಜಿಯ ಮೂಲಕ ಇಳಿಯಿತೋ?

ಇದಕ್ಕೆ ನಾನು ಇನ್ನೆರಡು ಸೇರಿಸುತ್ತೇನೆ. ಅವರು ತೆಗೆದುಕೊಂಡಿದ್ದ ಜೋಲ್ಮಿಟ್ರಿಪ್ಟಾನ್ ಥರದ ಟ್ರಿಪ್ಟಾನ್ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳು ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವನ್ನು ಮರುಕಳಿಸುವಂತೆ ಮಾಡಬಹುದು. ಮಾತ್ರೆ ನಿಲ್ಲಿಸಿದಾಗ ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ತಲೆ ಹಗುರಾಗುತ್ತದೆ. ತಿಂಗಳಿಗೆ 18ರಿಂದ 24 ದಿನ ನೋವಿರುವ ಯಾರ ಪ್ರಕರಣ ಓದಿದರೂ ಈ ಪ್ರಶ್ನೆ ಕೇಳಲೇಬೇಕು. ಎರಡನೆಯದು, ಜನ ವೈದ್ಯರ ಹತ್ತಿರ ಬರುವುದು ತಮ್ಮ ಅತಿ ಕೆಟ್ಟ ದಿನಗಳಲ್ಲಿ. ಅಲ್ಲಿಂದ ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವುದು ಸಹಜ. 60ರ ಆಸುಪಾಸಿನಲ್ಲಿ ಮೈಗ್ರೇನ್ ತಾನಾಗಿಯೇ ಕಡಿಮೆಯಾಗುವುದೂ ಉಂಟು.

ಆದರೂ 12 ವರ್ಷ ಬಿಡದೆ ಕಾಡಿದ್ದು ಮೂರು ತಿಂಗಳಲ್ಲಿ ನಿಂತು ಏಳೂವರೆ ವರ್ಷ ತಿರುಗಿ ನೋಡಲಿಲ್ಲ ಅನ್ನುವುದನ್ನು ಬರೀ ಕಾಕತಾಳೀಯ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಊಟದ ಪಾಲು ಇದರಲ್ಲಿ ಇದೆ, ಬಹುಶಃ ದೊಡ್ಡ ಪಾಲೇ ಇದೆ. ಎಷ್ಟು ಅನ್ನುವುದು ಒಬ್ಬರ ಕಥೆಯಿಂದ ಹೊರಡುವುದಿಲ್ಲ, ಅಷ್ಟೇ.

ನಮ್ಮ ಅಡುಗೆಮನೆಗೆ ಬಂದರೆ

ಇದು ಅಮೆರಿಕದ ವಿಷಯ, ನಮಗೇನು ಅಂತ ಕೇಳಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನ ಗುರುರಾಜ್ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ 2,329 ಜನರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಂಡವರು ನೂರಕ್ಕೆ 25.2. ನಾಲ್ವರಲ್ಲಿ ಒಬ್ಬರು. ಪ್ರಪಂಚದ ಸರಾಸರಿಗಿಂತ ಇದು ಸಾಕಷ್ಟು ಜಾಸ್ತಿ.

ಆ ಊಟದಲ್ಲಿ ನಮಗೆ ಹೊಂದುವುದು ಯಾವುದು ಅಂತ ನೋಡಿದರೆ, ಸೊಪ್ಪಿಗಂತೂ ಬರವಿಲ್ಲ. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ನುಗ್ಗೆ, ಬಸಳೆ, ಹೊನಗೊನ್ನೆ, ಚಕ್ಕೋತ. ಕೊರತೆ ಇರುವುದು ಪ್ರಮಾಣದಲ್ಲಿ. ಒಂದು ಕಟ್ಟು ಮೆಂತ್ಯ ತಂದು ಬಿಡಿಸಿ ತೊಳೆದು ಬಾಣಲೆಗೆ ಹಾಕಿದರೆ ಅದು ಒಂದು ಹಿಡಿಯಾಗುತ್ತದೆ. ಅದನ್ನು ನಾಲ್ಕು ಜನಕ್ಕೆ ಬಡಿಸಿದರೆ ಒಬ್ಬೊಬ್ಬರಿಗೂ ಎರಡು ಚಮಚ. ಸೊಪ್ಪು ಸೋಸಿ ಬೇಯಿಸಿದ ಗೃಹಿಣಿಗೆ ಬಾಣಲೆಗೆ ಅಂಟಿದ್ದೇ ಉಳಿದಿರುತ್ತದೆ, ಮೈಗ್ರೇನ್ ಇರುವುದೂ ಎಷ್ಟೋ ಸಲ ಅವರಿಗೇ. 140 ಗ್ರಾಂ ಅಂದರೆ ಒಬ್ಬರಿಗೇ ಹೆಚ್ಚುಕಮ್ಮಿ ಒಂದು ಕಟ್ಟು. ಆ ಲೆಕ್ಕ ಮೊದಲು ತಲೆಗೆ ಹೋಗಬೇಕು.

ಸ್ಮೂದಿ ಕುಡಿಯಲೇಬೇಕು ಅಂತಿಲ್ಲ. ಹಳೇ ಮೈಸೂರು ಕಡೆಯ ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿಯುತ್ತಾರೆ, ಸೊಪ್ಪು ಪಲ್ಯವಾಗುತ್ತದೆ, ಬಸಿದ ಕಟ್ಟು ಚೆಲ್ಲದೆ ಖಾರ ರುಬ್ಬಿ ಹಾಕಿ ಸಾರಾಗುತ್ತದೆ. ಬೇಯುವಾಗ ನೀರಿಗೆ ಇಳಿಯುವ ಮೆಗ್ನೀಸಿಯಂ, ಬಿ ವಿಟಮಿನ್ನುಗಳು ವಾಪಸು ತಟ್ಟೆಗೇ ಬರುತ್ತವೆ. ಪಲ್ಯದ ಒಗ್ಗರಣೆಗೆ ಹಾಕುವ ಚೂರು ಎಣ್ಣೆ ಕ್ಯಾರೋಟಿನ್ ಮೈಗೆ ಹತ್ತಲು ಬೇಕು ಕೂಡ. ಎಣ್ಣೆಯ ಒಟ್ಟು ಪ್ರಮಾಣ ಮಾತ್ರ ನೋಡಿಕೊಳ್ಳಬೇಕು, ಅದರಲ್ಲೂ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೊಲಿಯಿಕ್ ಆಮ್ಲ ತುಂಬಾ ಜಾಸ್ತಿ. ಮೀನು ತಿನ್ನುವವರಿಗೆ ಕರಾವಳಿಯ ಬೂತಾಯಿ, ಬಂಗುಡೆ ಒಮೆಗಾ-3ಗೆ ಒಳ್ಳೆಯ ಮೂಲ. ತಿನ್ನದವರಿಗೆ ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿ ಇದೆ, ಆದರೆ ಅಗಸೆಯ ಒಮೆಗಾ-3 ಮೀನಿನದ್ದರ ರೂಪಕ್ಕೆ ಬದಲಾಗುವುದು ಸ್ವಲ್ಪವೇ.

ಸೊಪ್ಪಿಗಿಂತಲೂ ನನಗೆ ಮುಖ್ಯ ಅನ್ನಿಸುವುದು ಊಟದ ಹೊತ್ತು. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು, ಎಲ್ಲರಿಗೂ ಡಬ್ಬಿ ಕಟ್ಟಿ, ಪೂಜೆ ಮುಗಿಸಿ, ತಿಂಡಿ ತಿನ್ನುವಾಗ ಹತ್ತೂವರೆ. ಹಿಂದಿನ ರಾತ್ರಿ ಊಟ ಎಂಟಕ್ಕೆ ಆಗಿದ್ದರೆ ಅಲ್ಲಿಗೆ ಹದಿನಾಲ್ಕು ಗಂಟೆಗೂ ಜಾಸ್ತಿ. ಸಂಕಷ್ಟಿಯ ದಿನ ಚಂದ್ರ ಕಾಣುವವರೆಗೂ ಕಾಯುವವರದ್ದು ಬ್ಲೌ ಅವರ 19 ಗಂಟೆಯನ್ನೂ ಮೀರುತ್ತದೆ. ಮಾರನೆಯ ದಿನ ವಾಂತಿ ಆದಾಗ ಪಿತ್ತ ಜಾಸ್ತಿಯಾಗಿದೆ ಅನ್ನುತ್ತಾರೆ, ಹೊಟ್ಟೆಯದ್ದೇ ತಪ್ಪು ಅನ್ನುವ ಹಾಗೆ. ಮೈಗ್ರೇನ್ ಬಂದಾಗ ಹೊಟ್ಟೆ ಕೆಲಸ ಮಾಡುವುದೇ ನಿಧಾನವಾಗುತ್ತದೆ, ನುಂಗಿದ ಮಾತ್ರೆಯೂ ಅಲ್ಲೇ ಕೂರುತ್ತದೆ. ವಾಂತಿ ಮೈಗ್ರೇನ್‌ನ ಫಲ. ವ್ರತ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಾಲು ಹಣ್ಣು ತೆಗೆದುಕೊಂಡು ಮಾಡುವ ಉಪವಾಸ ನಮ್ಮಲ್ಲಿ ಇದ್ದೇ ಇದೆ, ಮೈಗ್ರೇನ್ ಇರುವವರು ಧೈರ್ಯವಾಗಿ ಅದನ್ನು ಆರಿಸಿಕೊಳ್ಳಲಿ, ಮನೆಯವರು ಅದಕ್ಕೆ ಹುಬ್ಬು ಗಂಟಿಕ್ಕದಿರಲಿ.

ಶುರು ಮಾಡುವ ಮೊದಲು

ಊಟ ಬದಲಿಸುವುದಾದರೆ ಕನಿಷ್ಠ ಮೂರು ತಿಂಗಳು ಕೊಡಿ, ಮತ್ತು ಶುರು ಮಾಡುವ ಮೊದಲಿನ ಒಂದು ತಿಂಗಳಿನಿಂದಲೇ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನ, ಮಾತ್ರೆಯ ದಿನ ಎರಡನ್ನೂ ಗುರುತು ಹಾಕಿ. ಇಲ್ಲದಿದ್ದರೆ ಇಳಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರಾಂ ಥರದ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ಅಪಾಯ.

ಹಾಗೆಯೇ, ಟೊಪಿರಾಮೇಟ್ ತೆಗೆದುಕೊಳ್ಳುತ್ತಿರುವವರು ಒಂದು ವಿಷಯ ತಿಳಿದಿರಬೇಕು. ಆ ಮಾತ್ರೆಯಿಂದ ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಪಾಲಕ್, ದಂಟಿನಲ್ಲಿ ಆಕ್ಸಲೇಟ್ ಜಾಸ್ತಿ, ಅದೂ ಕಲ್ಲಿಗೆ ದಾರಿ. ಎರಡೂ ಸೇರುವುದು ಒಳ್ಳೆಯದಲ್ಲ. ಅಂಥವರು ಮೆಂತ್ಯದಂಥ ಆಕ್ಸಲೇಟ್ ಕಡಿಮೆ ಇರುವ ಸೊಪ್ಪು ಆರಿಸಿಕೊಂಡು, ಪಾಲಕ್ಕನ್ನು ಹಸಿಯಾಗಿ ರುಬ್ಬಿ ಕುಡಿಯುವುದನ್ನು ಬಿಟ್ಟು, ನೀರು ಚೆನ್ನಾಗಿ ಕುಡಿಯಲಿ. ತಲೆನೋವು ಇಳಿಯಿತು ಅಂತ ಟೊಪಿರಾಮೇಟನ್ನು ತಾವೇ ಒಂದೇ ಏಟಿಗೆ ನಿಲ್ಲಿಸುವುದೂ ಬೇಡ, ಅದನ್ನು ವೈದ್ಯರು ಹಂತ ಹಂತವಾಗಿ ಇಳಿಸುತ್ತಾರೆ. ತಲೆನೋವಿನ ದಿನ ಗುರುತು ಹಾಕಿದ ಆ ಕ್ಯಾಲೆಂಡರನ್ನು ಜೊತೆಗೆ ತೆಗೆದುಕೊಂಡು ಹೋದರೆ, ಯಾವಾಗಿನಿಂದ ಎಷ್ಟು ಇಳಿಸಬಹುದು ಅಂತ ಅವರು ಅದನ್ನು ನೋಡಿ ಹೇಳಬಲ್ಲರು.